ನಿಮಗಿದು ಗೊತ್ತೇ? ಸ್ಟಾಲಿನ್ ಕಾಲದ ಒಬ್ಬ ಐಕಾನ್ ಕಲಾವಿದ

● ಮಾಸ್ಕೊದ ಒಂದು ಚಿತ್ರಶಾಲೆಯಲ್ಲಿ ಗೋಡೆಯಷ್ಟು ದೊಡ್ಡ ಕ್ಯಾನ್ವಾಸ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳ್ಳಗೆ ಖಾಲಿ ನಿಂತಿತ್ತು. ಒಂಬತ್ತು ಮೀಟರಿಗೂ ಹೆಚ್ಚು ಅಗಲ, ಎರಡಾಳಿಗೂ ಮೀರಿದ ಎತ್ತರ. ನಡುವೆ ಎಲ್ಲೂ ಹೊಲಿಗೆ ಬರಬಾರದೆಂದು ಹೇಳಿ ಮಾಡಿಸಿದ ಒಂದೇ ತುಂಡು ಬಟ್ಟೆ. ಅದರ ಒಡೆಯ, ಚಿತ್ರಕಾರ ಪಾವೆಲ್ ಕೋರಿನ್ ಅದೇ ಚಿತ್ರಶಾಲೆಯಲ್ಲಿ ಬಾಳಿದ, ಅದರ ಎದುರಿಗೇ ಬೇರೆ ಚಿತ್ರಗಳನ್ನು ಬಿಡಿಸಿದ, ಬಹುಮಾನಗಳನ್ನು ಪಡೆದ, 1967ರಲ್ಲಿ ತೀರಿಕೊಂಡ. ಆ ಬಟ್ಟೆಯ ಮೇಲೆ ಮಾತ್ರ ಒಂದು ಗೆರೆಯನ್ನೂ ಎಳೆಯಲಿಲ್ಲ.

● ಈ ಕೋರಿನ್ ಹುಟ್ಟಿದ್ದು 1892ರಲ್ಲಿ, ಪಾಲೆಖ್ ಎಂಬ ಹಳ್ಳಿಯಲ್ಲಿ. ಮಾಸ್ಕೊದಿಂದ ಪೂರ್ವಕ್ಕೆ ಮುನ್ನೂರು ಕಿಲೊಮೀಟರಿಗೂ ಹೆಚ್ಚು ದೂರ. ನಮ್ಮ ಕಿನ್ನಾಳದ ಚಿತ್ರಗಾರರ ಹಾಗೆ ಅಲ್ಲಿಯೂ ದೇವರ ಚಿತ್ರ ಬರೆಯುವುದು ಮನೆತನದ ಕಸುಬು. ಅಪ್ಪನಿಂದ ಮಗನಿಗೆ ಕುಂಚ ಬರುತ್ತಿತ್ತು. ಕೋರಿನ್‌ನ ತಂದೆಯೂ ಐಕಾನ್ ಬರೆಯುವವನೇ, ತಾತನ ಕಾಲದಿಂದಲೂ ಅದೇ.

● ಪಾಲೆಖ್‌ನಲ್ಲಿ ಒಂದು ಐಕಾನನ್ನು ಒಬ್ಬನೇ ಕೂತು ಮುಗಿಸುತ್ತಿರಲಿಲ್ಲ. ಮುಖ, ಕೈಕಾಲು ಬರೆಯುವವರು ಬೇರೆ. ಉಡುಗೆ, ಬೆಟ್ಟಗುಡ್ಡ, ಕಟ್ಟಡ ಬರೆಯುವವರು ಬೇರೆ. ಮುಖ ಬರೆಯುವವನಿಗೆ ಮರ್ಯಾದೆ ಹೆಚ್ಚು. ಮುಂದೆ ಕೋರಿನ್ ಬದುಕೆಲ್ಲ ಮುಖಗಳ ಹಿಂದೆಯೇ ಅಲೆದದ್ದು ಕಾಕತಾಳೀಯವೇನಲ್ಲ ಎಂದು ನನಗನ್ನಿಸುತ್ತದೆ.

● ಐಕಾನ್ ಎಂದರೆ ಆರ್ಥೊಡಾಕ್ಸ್ ಕ್ರೈಸ್ತರ ಪೂಜೆಯ ಚಿತ್ರ. ಮರದ ಹಲಗೆಗೆ ಸೀಮೆಸುಣ್ಣ ಮತ್ತು ಅಂಟಿನ ಲೇಪ ಕೊಟ್ಟು, ಉಜ್ಜಿ ನುಣುಪು ಮಾಡಿ, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದಿಂದ ಬರೆಯುತ್ತಾರೆ. ಕೊನೆಗೆ ಕಾಯಿಸಿದ ಅಗಸೆ ಎಣ್ಣೆ ಸವರುತ್ತಾರೆ. ತೊಂದರೆ ಬರುವುದು ಇಲ್ಲಿಯೇ: ಈ ಎಣ್ಣೆ ವರ್ಷ ಕಳೆದಂತೆ ಕಪ್ಪಾಗುತ್ತದೆ, ಮೇಣದಬತ್ತಿಯ ಮಸಿಯೂ ಸೇರಿಕೊಳ್ಳುತ್ತದೆ. ನೂರು ವರ್ಷದಲ್ಲಿ ದೇವರ ಮುಖವೇ ಕಾಣಿಸದಾಗ ಅದರ ಮೇಲೆಯೇ ಹೊಸದಾಗಿ ಬರೆಯುತ್ತಿದ್ದರು. ಹೀಗಾಗಿ ಒಂದೇ ಹಲಗೆಯ ಮೇಲೆ ನಾಲ್ಕಾರು ಕಾಲದ ಚಿತ್ರಗಳು ಒಂದರ ಕೆಳಗೊಂದು ಅಡಗಿರುವುದುಂಟು. 1904ರಲ್ಲಿ ಹಳೆಯ ಕಾಲದ ಐಕಾನ್ ಗುರು ಆಂದ್ರೇಯ್ ರುಬ್ಲ್ಯೋವ್‌ನ ‘ತ್ರಿತ್ವ’ ಐಕಾನಿನ ಮೇಲಿನ ಪದರಗಳನ್ನು ತೆಗೆಯಲು ಶುರುಮಾಡಿದಾಗ ಒಳಗಿನ ತಿಳಿನೀಲಿ ಕಂಡು ರಷ್ಯನ್ನರೇ ಬೆರಗಾದರು. ತಮ್ಮ ಪೂರ್ವಿಕರ ಚಿತ್ರಗಳೆಲ್ಲ ಮಸಿಬಣ್ಣದವು ಎಂದೇ ಅವರು ಅಲ್ಲಿಯವರೆಗೆ ನಂಬಿದ್ದರು.

● ಬೊಲ್ಶೆವಿಕ್ ಕ್ರಾಂತಿಯಾದ ಮೇಲೆ ಐಕಾನ್ ಕೊಳ್ಳುವವರಿಲ್ಲದೆ ಪಾಲೆಖ್ ಹಳ್ಳಿಯ ಹೊಟ್ಟೆಪಾಡೇ ನಿಂತುಹೋಯಿತು. ಕೆಲವರು ಹೊಲಕ್ಕೆ ಹೋದರು, ಕೆಲವರು ನಾಟಕದ ಪರದೆ ಬರೆದರು. 1924ರಲ್ಲಿ ಇವಾನ್ ಗೋಲಿಕೋವ್ ಮತ್ತು ಸಂಗಡಿಗರು ಸಹಕಾರಿ ಸಂಘ ಕಟ್ಟಿಕೊಂಡು, ಕಾಗದದ ರದ್ದಿಯಿಂದ ಮಾಡಿದ ಕಪ್ಪು ಡಬ್ಬಿಗಳ ಮೇಲೆ ಅದೇ ಮೊಟ್ಟೆಯ ಬಣ್ಣದಲ್ಲಿ ಚಿತ್ರ ಬರೆಯತೊಡಗಿದರು. ಮರುವರ್ಷ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ. ವಿಷಯ ಮಾತ್ರ ಬದಲಾಗಿತ್ತು: ಸಂತರ ಜಾಗಕ್ಕೆ ಮೂರು ಕುದುರೆಯ ತ್ರೊಯ್ಕಾ ಗಾಡಿ, ಜಾನಪದ ಕಥೆ, ಕೆಂಪು ಸೇನೆಯ ಕುದುರೆಸವಾರ. ಕುದುರೆಯ ಕತ್ತಿನ ಬಾಗು ಮಾತ್ರ ಐಕಾನಿನಲ್ಲಿ ಸಂತ ಜಾರ್ಜ್ ಏರಿದ ಕುದುರೆಯದೇ.

● ಕೋರಿನ್ ಅಷ್ಟು ಹೊತ್ತಿಗೆ ಹಳ್ಳಿ ಬಿಟ್ಟಾಗಿತ್ತು. ಹದಿನಾರರ ಹರೆಯದಲ್ಲಿ ಮಾಸ್ಕೊದ ದೊನ್ಸ್ಕೊಯ್ ಮಠದ ಐಕಾನ್ ಶಾಲೆ ಸೇರಿದ. 1911ರಲ್ಲಿ ಹೆಸರಾಂತ ಚಿತ್ರಕಾರ ಮಿಖಾಯಿಲ್ ನೆಸ್ತೆರೊವ್‌ಗೆ ಸಹಾಯಕನಾದ. ಕೆಲಸ ಮಾರ್ಥಾ–ಮೇರಿ ಮಠದ ಚರ್ಚಿನ ಗೋಡೆಚಿತ್ರ. ಹುಡುಗನ ಕೈ ನೋಡಿದ ನೆಸ್ತೆರೊವ್ ಕಲಾಶಾಲೆ ಸೇರು ಎಂದು ಬೆನ್ನು ಹತ್ತಿದ. ಅಲ್ಲಿ ಅವನಿಗೆ ಕಲಿಸಿದವರಲ್ಲಿ ಲಿಯೊನಿದ್ ಪಾಸ್ತರ್ನಾಕ್ ಒಬ್ಬ. ‘ಡಾಕ್ಟರ್ ಜಿವಾಗೊ’ ಬರೆದ ಬೊರಿಸ್ ಪಾಸ್ತರ್ನಾಕ್‌ನ ತಂದೆ.

● ಮಾರ್ಥಾ–ಮೇರಿ ಮಠ ಕಟ್ಟಿಸಿದಾಕೆ ರಾಜವಂಶದ ಎಲಿಜವೆತಾ. ಕೊನೆಯ ತ್ಸಾರ್‌ನ ಹೆಂಡತಿಯ ಅಕ್ಕ. ಗಂಡ ಬಾಂಬಿಗೆ ಬಲಿಯಾದ ಮೇಲೆ ಒಡವೆಗಳನ್ನು ಮಾರಿ, ಬಡವರ ಆಸ್ಪತ್ರೆ, ಅನಾಥ ಹುಡುಗಿಯರ ಶಾಲೆ ಇದ್ದ ಈ ಮಠ ಕಟ್ಟಿ, ತಾನೂ ಅಲ್ಲಿಯೇ ನೆಲೆಸಿದಳು. ನೆಲಮಾಳಿಗೆಯ ಪ್ರಾರ್ಥನಾಮಂದಿರದ ಚಿತ್ರಗಳನ್ನು ತರುಣ ಕೋರಿನ್‌ಗೆ ವಹಿಸಿದಾಗ, ಮೊದಲು ಹಳೆಯ ಊರುಗಳ ಗೋಡೆಚಿತ್ರ ನೋಡಿಕೊಂಡು ಬಾ ಎಂದು ಅವನನ್ನು ಯಾರೊಸ್ಲಾವ್ಲ್, ರೊಸ್ತೊವ್ ಕಡೆಗೆ ಕಳುಹಿಸಿದವಳೂ ಆಕೆಯೇ. 1918ರ ಜುಲೈಯಲ್ಲಿ ಅಲಪಾಯೆವ್ಸ್ಕ್ ಬಳಿ ಬೊಲ್ಶೆವಿಕರು ಆಕೆಯನ್ನು ಗಣಿಗುಂಡಿಗೆ ನೂಕಿ ಕೊಂದರು. ಕೋರಿನ್ ಮದುವೆಯಾದ ಪ್ರಸ್ಕೊವ್ಯಾ ಇದೇ ಮಠದ ಆಸರೆಯಲ್ಲಿ ಬೆಳೆದ ಚುವಾಶ್ ಜನಾಂಗದ ಹುಡುಗಿ.

● ಕ್ರಾಂತಿಯ ನಂತರದ ಹಸಿವಿನ ವರ್ಷಗಳಲ್ಲಿ ಕೋರಿನ್ ವಿಶ್ವವಿದ್ಯಾಲಯದ ಹೆಣ ಕೊಯ್ಯುವ ಕೋಣೆಯಲ್ಲಿ ದುಡಿದ. ಮನುಷ್ಯ ದೇಹದ ಎಲುಬು, ಸ್ನಾಯು ಅವನಿಗೆ ಬಾಯಿಪಾಠವಾದದ್ದು ಅಲ್ಲಿಯೇ. ಅದರ ಜೊತೆಗೆ ಅಲೆಕ್ಸಾಂದರ್ ಇವಾನೊವ್‌ನ ‘ಜನರೆದುರು ಕ್ರಿಸ್ತನ ಆಗಮನ’ ಎಂಬ ಮಹಾಚಿತ್ರದ ಮುಂದೆ ವರ್ಷಗಟ್ಟಲೆ ಕೂತು ನಕಲು ಮಾಡಿದ. ಇವಾನೊವ್ ಆ ಒಂದೇ ಚಿತ್ರಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡಿದ್ದ. ಗುರುವನ್ನು ಆರಿಸಿಕೊಳ್ಳುವಾಗ ಕೋರಿನ್ ಸ್ವಲ್ಪ ಹುಷಾರಾಗಿರಬೇಕಿತ್ತು!

● 1925ರ ಏಪ್ರಿಲ್. ರಷ್ಯದ ಆರ್ಥೊಡಾಕ್ಸ್ ಚರ್ಚಿನ ಪರಮಗುರು, ಪೇಟ್ರಿಯಾರ್ಕ್ ತೀಖನ್ ತೀರಿಕೊಂಡರು. ಚರ್ಚಿನ ಬೆಳ್ಳಿಬಂಗಾರದ ಜಪ್ತಿಯನ್ನು ವಿರೋಧಿಸಿದ್ದಕ್ಕೆ ಸರ್ಕಾರ 1922ರಲ್ಲಿ ಅವರನ್ನು ದೊನ್ಸ್ಕೊಯ್ ಮಠದಲ್ಲೇ ಗೃಹಬಂಧನದಲ್ಲಿಟ್ಟಿತ್ತು. ಅಂತ್ಯಸಂಸ್ಕಾರವೂ ಅದೇ ಮಠದಲ್ಲಿ. ದೇವರೇ ಇಲ್ಲವೆಂದು ಸಾರಿದ ರಾಜಧಾನಿಯಲ್ಲಿ ಹಗಲೂ ರಾತ್ರಿ ಜನರ ಸಾಲು ಕರಗಲಿಲ್ಲ. ಬಿಷಪ್ಪರು, ಕಾಡಿನ ಮಠಗಳಿಂದ ನಡೆದುಬಂದ ಮುದಿ ಸನ್ಯಾಸಿಗಳು, ಕುರುಡರು, ಭಿಕ್ಷುಕರು, ಹಳೆಯ ಸಿರಿವಂತರ ಮನೆಯ ಹೆಂಗಸರು. ಗುಂಪಿನ ನಡುವೆ ಕೋರಿನ್ ಪೆನ್ಸಿಲ್ ಹಿಡಿದು ನಿಂತಿದ್ದ. ಈ ಜನ ಇನ್ನು ಕೆಲವೇ ವರ್ಷದಲ್ಲಿ ಕಾಣಿಸದಾಗುತ್ತಾರೆ, ಇವರೆಲ್ಲರನ್ನೂ ಒಂದೇ ಚಿತ್ರದಲ್ಲಿ ಹಿಡಿದಿಡಬೇಕು ಎಂಬ ಹಟ ಅಲ್ಲಿ ಹುಟ್ಟಿತು. ಚಿತ್ರಕ್ಕೆ ಅವನಿಟ್ಟ ಹೆಸರು ‘ರೆಕ್ವಿಯಮ್’, ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ.

● ಆಗ ಕೋರಿನ್ ಇದ್ದದ್ದು ಅರ್ಬಾತ್ ಬೀದಿಯ ಒಂದು ಕಟ್ಟಡದ ಅಟ್ಟದ ಮೇಲೆ. ಚಿತ್ರಕ್ಕೆ ಕೂರುವ ಮುದುಕ ಮುದುಕಿಯರೆಲ್ಲ ಅಷ್ಟು ಮೆಟ್ಟಿಲು ಹತ್ತಬೇಕಿತ್ತು.

● ಕೂರಲು ಒಪ್ಪುವವರು ಯಾರು? ಪಾದ್ರಿಯ ನಿಲುವಂಗಿ ತೊಟ್ಟು ರಸ್ತೆಗಿಳಿದರೇ ಕಷ್ಟ. ಹಾಗಿರುವಾಗ ‘ನಾನು ಇನ್ನೂ ಇದ್ದೇನೆ’ ಎಂದು ಚಿತ್ರದಲ್ಲಿ ದಾಖಲಾಗುವುದು ಎಂದರೆ? 1929ರಲ್ಲಿ, ಮುಂದೆ ಮೆಟ್ರೊಪಾಲಿಟನ್ ಪದವಿಗೇರಿದ ತ್ರೀಫನ್ ಒಪ್ಪಿದರು. ಕುಲೀನ ಮನೆತನದಲ್ಲಿ ಹುಟ್ಟಿ ಸನ್ಯಾಸಿಯಾಗಿದ್ದ, ಮಾಸ್ಕೊದ ಜನ ಬಹಳವಾಗಿ ಗೌರವಿಸುತ್ತಿದ್ದ ಹಿರಿಯ ಧರ್ಮಗುರು. ಈಸ್ಟರ್ ಹಬ್ಬದ ಕಡುಗೆಂಪು ಉಡುಪು ತೊಟ್ಟು ನಿಂತ ಅವರ ಚಿತ್ರ ಈ ಸರಣಿಯ ಅತ್ಯಂತ ತೀಕ್ಷ್ಣವಾದವುಗಳಲ್ಲಿ ಒಂದು. ಕೆಂಪು ಆಗ ಕಮ್ಯುನಿಸ್ಟ್ ಪಕ್ಷದ ಬಣ್ಣ. ಕೋರಿನ್ ಅದನ್ನು ಚರ್ಚಿನ ಹಬ್ಬದ ಬಣ್ಣವಾಗಿಯೇ ಬಳಸಿದ. ತ್ರೀಫನ್ ಅವರೇ ಹರಸಿದ್ದಾರೆಂದ ಮೇಲೆ ಉಳಿದವರ ಅಳುಕೂ ಕಡಿಮೆಯಾಯಿತು.

● ಹೀಗೆ ಹತ್ತು ಹನ್ನೆರಡು ವರ್ಷದಲ್ಲಿ ಒಟ್ಟುಗೂಡಿದ ಭಾವಚಿತ್ರಗಳು 29. ಕೋರಿನ್‌ಗೆ ಇವು ಅಭ್ಯಾಸಚಿತ್ರಗಳು ಮಾತ್ರ, ದೊಡ್ಡ ಚಿತ್ರಕ್ಕೆ ತಯಾರಿ. ಅಳತೆಯಲ್ಲಿ ಹಲವು ಆಳೆತ್ತರದವು. ನೆಲದ ಮೇಲೆ ಕುಕ್ಕರಿಸಿದ ಭಿಕ್ಷುಕ. ಗಡ್ಡದಪ್ಪನ ಹಿಂದೆ ತಲೆತಗ್ಗಿಸಿ ನಿಂತ ಮಗ. ಮೂರು ತಲೆಮಾರಿನ ಮೂವರು ಹೆಂಗಸರು: ಬೆನ್ನು ಬಾಗಿದ ಮುದುಕಿ, ನಡುವಯಸ್ಸಿನಾಕೆ, ಎದುರಿಗೆ ದಿಟ್ಟಿಸುವ ಯುವತಿ. ಯಾರ ಮುಖದಲ್ಲೂ ಅಯ್ಯೋ ಪಾಪ ಎನ್ನಿಸುವ ಭಾವವಿಲ್ಲ. ಕೆಲವರನ್ನು ನೋಡಿದರೆ ಹೆದರಿಕೆಯಾಗುತ್ತದೆ. ಐಕಾನಿನ ಸಂತರ ಹಾಗೆ ಇವರೂ ನೋಡುಗನನ್ನೇ ನೋಡುತ್ತಾರೆ. ಆದರೆ ಗಂಟಲ ನರ, ಕೈಯ ಗೆಣ್ಣು, ಕಣ್ಣಿನ ಕೆಂಪು ಎಲ್ಲವೂ ಹೆಣದ ಕೋಣೆಯಲ್ಲಿ ಕಲಿತವನ ಲೆಕ್ಕಾಚಾರದಲ್ಲಿವೆ.

● ಸರಣಿಯಲ್ಲಿ ಮಠಾಧ್ಯಕ್ಷೆ ತಮಾರಳ ಚಿತ್ರವಿದೆ. ಜಾರ್ಜಿಯಾದ ಕುಲೀನ ಮನೆತನದವಳು; ಸೋವಿಯತ್ ರಂಗಭೂಮಿಯ ದೊಡ್ಡ ನಿರ್ದೇಶಕ ಕೋತೆ ಮರ್ಜಾನಿಶ್ವಿಲಿಯ ಸೋದರಿ. ತಮ್ಮನಿಗೆ ರಂಗಮಂದಿರ, ಅಕ್ಕನಿಗೆ ಸೈಬೀರಿಯಾ. ಗಡೀಪಾರಿನಿಂದ ಕ್ಷಯ ಹಿಡಿಸಿಕೊಂಡು ಮರಳಿದವಳನ್ನು ಕೋರಿನ್ 1935ರಲ್ಲಿ ಬರೆದ. ಮರುವರ್ಷ ಆಕೆ ಇರಲಿಲ್ಲ.

● ಅದೇ 1935ರಲ್ಲಿ ಕೂತವರಲ್ಲಿ ಪೀಮೆನ್ ಎಂಬ ಇಪ್ಪತ್ತೈದರ ಸನ್ಯಾಸಿಯೂ ಇದ್ದ. ಕಪ್ಪು ಗಡ್ಡ, ಕೆಣಕುವ ನೋಟ. 1930ರ ದಶಕದಲ್ಲಿ ಬಂಧನ, ಕೈದಿಗಳ ಶಿಬಿರ ಎಲ್ಲವನ್ನೂ ಕಂಡು ಬದುಕುಳಿದ. 1971ರಲ್ಲಿ ಇಡೀ ರಷ್ಯದ ಪೇಟ್ರಿಯಾರ್ಕ್ ಆದ. ಮರೆಯಾಗುತ್ತಿರುವವರ ಪಟ್ಟಿಯಲ್ಲಿ ಕೋರಿನ್ ಸೇರಿಸಿದ್ದವನು 1990ರವರೆಗೆ ಗುರುಪೀಠದಲ್ಲಿ ಕೂತಿದ್ದ!

● ‘ತಾಯಿ’ ಕಾದಂಬರಿಯಿಂದ ಕನ್ನಡಿಗರಿಗೆ ಚೆನ್ನಾಗಿ ಪರಿಚಿತನಾದ ಮಕ್ಸೀಮ್ ಗೋರ್ಕಿ ಈ ಕಥೆಯಲ್ಲಿ ಆಪದ್ಬಾಂಧವ. 1931ರ ಸೆಪ್ಟೆಂಬರ್ 3ರಂದು ಆತ ಅರ್ಬಾತ್ ಅಟ್ಟ ಹತ್ತಿಬಂದ. ಚಿತ್ರಗಳನ್ನೆಲ್ಲ ನೋಡಿದ. ‘ರೆಕ್ವಿಯಮ್’ ಎಂಬ ಹೆಸರು ಬೇಡ, ‘ಮರೆಯಾಗುತ್ತಿರುವ ರಷ್ಯ’ ಎಂದಿಡು ಎಂದು ಸಲಹೆ ಕೊಟ್ಟ. ಜಾಣ ಸಲಹೆ. ಮೊದಲಿನ ಹೆಸರಿನಲ್ಲಿ ಶೋಕವಿದೆ; ಎರಡನೆಯದನ್ನು ಬೇಕಿದ್ದವರು ‘ಹಳೆಯ ಪೀಡೆ ತೊಲಗಿತು’ ಎಂದೂ ಓದಿಕೊಳ್ಳಬಹುದು. ಪ್ರಾರ್ಥನೆಯ ಚಿತ್ರಕ್ಕೆ ಸರ್ಕಾರಿ ರಹದಾರಿ ಸಿಕ್ಕಿತು. ಮನೆಯವರೂ ಆಪ್ತರೂ ಹಳೆಯ ಹೆಸರನ್ನು ಮರೆಯಲಿಲ್ಲ.

● ಗೋರ್ಕಿ ಅಷ್ಟಕ್ಕೇ ನಿಲ್ಲಲಿಲ್ಲ. ಆ ವರ್ಷವೇ ಪಾವೆಲ್ ಮತ್ತು ತಮ್ಮ ಅಲೆಕ್ಸಾಂದರ್ ಇಬ್ಬರನ್ನೂ ಇಟಲಿಗೆ ಕರೆದೊಯ್ದ. ಮೈಕೆಲೆಂಜಲೊ, ರಾಫೆಲ್ ಬರೆದದ್ದನ್ನು ಪಾಲೆಖ್‌ನ ಹುಡುಗರು ಕಣ್ಣಾರೆ ಕಂಡರು. ಅಲ್ಲಿಯೇ 1932ರಲ್ಲಿ ಕೋರಿನ್ ಬರೆದ ಗೋರ್ಕಿಯ ಚಿತ್ರ, ಕೋಲೂರಿ ಸಮುದ್ರದ ಮುಂದೆ ನಿಂತ ಬಡಕಲು ಎತ್ತರದ ಮನುಷ್ಯ, ಈಗ ಮಾಸ್ಕೊದ ತ್ರೆತ್ಯಾಕೊವ್ ಗ್ಯಾಲರಿಯಲ್ಲಿದೆ. ಊರಿಗೆ ಬಂದ ಮೇಲೆ ಮಲಯಾ ಪಿರೊಗೊವ್ಸ್ಕಯಾ ಬೀದಿಯಲ್ಲಿ ದೊಡ್ಡ ಚಿತ್ರಶಾಲೆ ಸಿಕ್ಕಿದ್ದೂ ಗೋರ್ಕಿಯ ಕೃಪೆಯಿಂದ. ಮೊದಲು ಹೇಳಿದ ಕ್ಯಾನ್ವಾಸ್ ಏರಿದ್ದು ಇಲ್ಲಿ.

● ಚಿತ್ರದ ಕಲ್ಪನೆ ಹೀಗಿತ್ತು: ಕ್ರೆಮ್ಲಿನ್ ಒಳಗಿನ ಉಸ್ಪೆನ್ಸ್ಕಿ ಮಹಾಮಂದಿರ. ತ್ಸಾರ್‌ಗಳ ಪಟ್ಟಾಭಿಷೇಕ ನಡೆಯುತ್ತಿದ್ದ ಜಾಗ. 1918ರ ಈಸ್ಟರ್ ನಂತರ ಅಲ್ಲಿ ಪೂಜೆಯೇ ನಿಂತುಹೋಗಿತ್ತು. ಅಂಥ ಜಾಗದಲ್ಲಿ ಇಡೀ ಹಳೆಯ ರಷ್ಯ ಕೊನೆಯ ಬಾರಿಗೆ ಸೇರಿದೆ. ವಿಚಿತ್ರವೆಂದರೆ ಎಲ್ಲರೂ ಗರ್ಭಗುಡಿಗೆ ಬೆನ್ನು ಮಾಡಿ ನಮ್ಮ ಕಡೆಗೆ ತಿರುಗಿದ್ದಾರೆ, ಹೊರಡಲು ಸಿದ್ಧರಾದವರಂತೆ. ಎಲ್ಲರ ಮುಂದೆ ಧೂಪದ ಪಾತ್ರೆ ಎತ್ತಿ ನಿಂತ ಮಹಾಕಾಯ ಮಿಖಾಯಿಲ್ ಖೊಲ್ಮೊಗೊರೊವ್, ತನ್ನ ಕಂಠದಿಂದಲೇ ಮಾಸ್ಕೊದಲ್ಲಿ ಹೆಸರಾದ ಪ್ರಧಾನ ಡೀಕನ್. ನಡುವೆ ಮೂವರು ಪೇಟ್ರಿಯಾರ್ಕರು: ತೀಖನ್, ಸೆರ್ಗಿಯ್, ಅಲೆಕ್ಸಿಯ್. ಒಬ್ಬರ ನಂತರ ಒಬ್ಬರು ಪೀಠಕ್ಕೆ ಬಂದವರು ಒಂದೇ ಪೂಜೆಯಲ್ಲಿ ನಿಂತಿರುವುದು ಚರಿತ್ರೆಯಲ್ಲಿ ಸಾಧ್ಯವಿಲ್ಲ, ಐಕಾನಿನಲ್ಲಿ ಸಾಧ್ಯ. ಬೇರೆ ಬೇರೆ ಕಾಲದ ಸಂತರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅಲ್ಲಿನ ರೂಢಿ.

ಇದರಲ್ಲಿ ಸೆರ್ಗಿಯ್ ಇರುವುದು ಗಮನಿಸಬೇಕಾದ ಸಂಗತಿ. 1927ರಲ್ಲಿ ಸೋವಿಯತ್ ಸರ್ಕಾರಕ್ಕೆ ನಿಷ್ಠೆ ಘೋಷಿಸಿ ಪತ್ರ ಹೊರಡಿಸಿದವರು ಇವರೇ. ಎಷ್ಟೋ ಭಕ್ತರು ಅವರನ್ನು ಕ್ಷಮಿಸಲಿಲ್ಲ. ಕೋರಿನ್ ಅವರನ್ನು ತೀಖನ್ ಪಕ್ಕದಲ್ಲೇ ನಿಲ್ಲಿಸಿದ. ತಾನೂ ಪ್ರಭುತ್ವದ ಅನ್ನ ಉಣ್ಣುತ್ತಿದ್ದವನಲ್ಲವೇ!

● 1936ರ ಜೂನ್ 18ರಂದು ಗೋರ್ಕಿ ಸತ್ತ. ಅದೇ ವರ್ಷ ಡಿಸೆಂಬರಿನಲ್ಲಿ ಪಕ್ಷದ ಕೇಂದ್ರ ಸಮಿತಿಯ ಅಧಿಕಾರಿಯೊಬ್ಬ ಕೋರಿನ್ ಮೇಲೆ ಸ್ಟಾಲಿನ್‌ಗೆ ವರದಿ ಕಳುಹಿಸಿದ: ಈತ ಬರೆಯುತ್ತಿರುವುದು ಪಾದ್ರಿಗಳನ್ನು, ಪ್ರತಿಗಾಮಿಗಳನ್ನು ಎಂದು. ಮುಂದಿನ ಎರಡು ವರ್ಷ ಎಂಥವು ಎಂಬುದಕ್ಕೆ ಒಂದೇ ಅಂಕಿ ಸಾಕು. ಸೋವಿಯತ್ ಕಡತಗಳ ಪ್ರಕಾರವೇ 1937–38ರಲ್ಲಿ ರಾಜಕೀಯ ಆರೋಪ ಹೊರಿಸಿ ಗುಂಡಿಟ್ಟು ಕೊಂದವರು 6,81,692 ಜನ.

● ಕೋರಿನ್‌ನ ಗುರು ನೆಸ್ತೆರೊವ್‌ನನ್ನೂ 1938ರಲ್ಲಿ ಹಿಡಿದೊಯ್ದು ಸುಮಾರು ಎರಡು ವಾರ ಬುತಿರ್ಕಾ ಜೈಲಿನಲ್ಲಿಟ್ಟರು. ಆಗ ಆತನಿಗೆ ಎಪ್ಪತ್ತೈದು ದಾಟಿತ್ತು. ಅಳಿಯನನ್ನು ಕೊಂದರು, ಮಗಳನ್ನು ಗಡೀಪಾರು ಮಾಡಿದರು. 1941ರಲ್ಲಿ ಅದೇ ಮುದುಕನಿಗೆ ಸ್ಟಾಲಿನ್ ಪ್ರಶಸ್ತಿ ಕೊಟ್ಟರು! ವಿಜ್ಞಾನಿ ಇವಾನ್ ಪಾವ್ಲೊವ್‌ನ ಭಾವಚಿತ್ರಕ್ಕಾಗಿ.

● ಗುರುಶಿಷ್ಯರು ಒಬ್ಬರನ್ನೊಬ್ಬರು ಬರೆದಿದ್ದಾರೆ. 1930ರಲ್ಲಿ ನೆಸ್ತೆರೊವ್ ಕೋರಿನ್ ಸೋದರರ ಚಿತ್ರ ಬರೆದ. 1939ರಲ್ಲಿ ಕೋರಿನ್ ನೆಸ್ತೆರೊವ್‌ನ ಚಿತ್ರ ಬರೆದ. ಎರಡನೆಯದರಲ್ಲಿ ಮುದುಕ ಯಾರೊಂದಿಗೋ ಬಿರುಸಾಗಿ ವಾದಿಸುತ್ತಿರುವಂತಿದೆ. ಜೈಲು ಅವನ ನಾಲಗೆಯನ್ನೇನೂ ಮೊಂಡು ಮಾಡಿದಂತೆ ಕಾಣುವುದಿಲ್ಲ.

● ಹಾಗಾದರೆ ಕೋರಿನ್ ಬದುಕಿಗೆ ದಾರಿ? ಹಳೆಯ ಚಿತ್ರಗಳ ಜೀರ್ಣೋದ್ಧಾರ. 1932ರಿಂದ 1959ರವರೆಗೆ ಮಾಸ್ಕೊದ ಲಲಿತಕಲೆಗಳ ವಸ್ತುಸಂಗ್ರಹಾಲಯದಲ್ಲಿ (ಇಂದಿನ ಪುಷ್ಕಿನ್ ಮ್ಯೂಸಿಯಂ) ಆ ವಿಭಾಗದ ಮುಖ್ಯಸ್ಥನಾಗಿದ್ದ. ಯುದ್ಧ ಮುಗಿದು ಜರ್ಮನಿಯ ಡ್ರೆಸ್ಡೆನ್ ಗ್ಯಾಲರಿಯ ಚಿತ್ರಗಳು ಮಾಸ್ಕೊಗೆ ಬಂದಾಗ ಅವುಗಳ ಆರೈಕೆ ಇವನ ಕೈಕೆಳಗೇ ನಡೆಯಿತು. ರಾಫೆಲ್‌ನ ‘ಸಿಸ್ಟೀನ್ ಮಡೊನ್ನಾ’ ಕೂಡ ಅವುಗಳಲ್ಲಿತ್ತು. 1955ರಲ್ಲಿ ಅವನ್ನು ಜನರಿಗೆ ತೋರಿಸಿ ನಂತರ ಜರ್ಮನಿಗೆ ಹಿಂದಿರುಗಿಸಿದರು. ಕೀವ್ ನಗರದ ವ್ಲದೀಮಿರ್ ಮಹಾಮಂದಿರದ ಗೋಡೆಚಿತ್ರಗಳ ದುರಸ್ತಿಯ ಹೊಣೆಯೂ ಅವನದೇ. ಅವುಗಳಲ್ಲಿ ಕೆಲವು ಗುರು ನೆಸ್ತೆರೊವ್ ಬರೆದವು. ನಾಸ್ತಿಕ ಸರ್ಕಾರದ ಸಂಬಳದಲ್ಲಿ ಮೇರಿಯಮ್ಮನ ಮೈಮೇಲಿನ ಧೂಳು ಒರೆಸಿದ ಎಂದು ಯಾರಾದರೂ ಹೇಳಿದರೆ ತಪ್ಪಾಗದು.

● ಚರ್ಚುಗಳು ಮುಚ್ಚಿ ಐಕಾನುಗಳು ಸೌದೆಯಾಗುತ್ತಿದ್ದ ಕಾಲದಲ್ಲಿ ಕೋರಿನ್ ಅವನ್ನು ಕೂಡಿಹಾಕುತ್ತಾ ಹೋದ. ಕಪ್ಪಡರಿದ ಹಲಗೆಗಳನ್ನು ತಂದು ಗಂಡಹೆಂಡತಿ ಕೂತು ಪದರ ಪದರವಾಗಿ ಬಿಡಿಸಿದರು. ಪ್ರಸ್ಕೊವ್ಯಾ ಕೂಡ ಈ ಕೆಲಸದಲ್ಲಿ ನುರಿತವಳು. ಮನೆಯ ಗೋಡೆ ತುಂಬ ಐಕಾನ್ ಇದ್ದರೆ ಭಕ್ತನೆಂದು ಬೆರಳು ತೋರಿಸುತ್ತಾರೆ. ಜೀರ್ಣೋದ್ಧಾರದ ಪಂಡಿತನ ಮನೆಯಾದರೆ ಅದು ‘ಪ್ರಾಚೀನ ಕಲೆ’. ಈ ಎರಡರ ನಡುವಿನ ಸಂದಿನಲ್ಲೇ ಆತ ಬದುಕಿದ. ಸಂಗ್ರಹವೆಲ್ಲವನ್ನೂ ದೇಶಕ್ಕೇ ಬರೆದುಕೊಟ್ಟ.

● 1941ರ ನವೆಂಬರ್ 7. ಹಿಟ್ಲರನ ಸೇನೆ ಮಾಸ್ಕೊ ಬಾಗಿಲಿಗೆ ಬಂದಿತ್ತು. ಕೆಂಪು ಚೌಕದಲ್ಲಿ ನಿಂತ ಸ್ಟಾಲಿನ್ ಸೈನಿಕರಿಗೆ ಮಾರ್ಕ್ಸ್, ಎಂಗೆಲ್ಸ್ ಹೆಸರು ಹೇಳಲಿಲ್ಲ. ಅಲೆಕ್ಸಾಂದರ್ ನೆವ್ಸ್ಕಿ, ದ್ಮಿತ್ರಿ ದೊನ್ಸ್ಕೊಯ್, ಸುವೊರೊವ್, ಕುತುಜೊವ್ ಮುಂತಾದ ಹಳೆಯ ವೀರರನ್ನು ಕರೆದ. ಇವರಲ್ಲಿ ನೆವ್ಸ್ಕಿ ಹದಿಮೂರನೆಯ ಶತಮಾನದ ರಾಜ ಮಾತ್ರವಲ್ಲ, ಚರ್ಚಿನ ಸಂತನೂ ಹೌದು. ಮರುವರ್ಷ ಕೋರಿನ್ ಬರೆದ ಮೂರು ಭಾಗದ ಚಿತ್ರದ ನಡುವೆ ಕಬ್ಬಿಣದ ಕವಚ ತೊಟ್ಟು ಎರಡು ಕೈಯಲ್ಲಿ ಖಡ್ಗ ಊರಿ ನಿಂತವನು ಈ ನೆವ್ಸ್ಕಿ. ಅವನ ತಲೆಯ ಮೇಲೆ ಹಾರುವ ಧ್ವಜ ನೋಡಿ: ಕಡುಬಣ್ಣದ ಬಟ್ಟೆಯ ಮೇಲೆ ಕ್ರಿಸ್ತನ ಮುಖ. ಅಪ್ಪಟ ಐಕಾನ್. ಸ್ಟಾಲಿನ್ ಚರ್ಚಿನ ಮೂವರು ಹಿರಿಯರನ್ನು ಕರೆಸಿ ರಾಜಿಯಾದದ್ದು 1943ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲೇ ಕೋರಿನ್ ಕ್ರಿಸ್ತನನ್ನು ಸೋವಿಯತ್ ಪ್ರದರ್ಶನದ ಗೋಡೆಗೆ ಏರಿಸಿದ್ದ. ಯಾರೂ ಇಳಿಸು ಎನ್ನಲಿಲ್ಲ. ಆಗ ಆ ಮುಖ ಅವರಿಗೂ ಬೇಕಾಗಿತ್ತು.

● ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. 1931ರ ಡಿಸೆಂಬರ್ 5ರಂದು ಮಾಸ್ಕೊದ ಕ್ರಿಸ್ತ ರಕ್ಷಕ ಮಹಾಮಂದಿರವನ್ನು ಸಿಡಿಮದ್ದಿಟ್ಟು ಉರುಳಿಸಿದರು. ಅದೇ ಜಾಗದಲ್ಲಿ ತಲೆಯ ಮೇಲೆ ಲೆನಿನ್ ಪ್ರತಿಮೆ ಹೊತ್ತ, 400 ಮೀಟರಿಗೂ ಎತ್ತರದ ‘ಸೋವಿಯತ್ ಅರಮನೆ’ ಕಟ್ಟುವ ಯೋಜನೆ. ಆ ಅರಮನೆಯ ಒಳಗೋಡೆಗೆ ‘ಭವಿಷ್ಯದೆಡೆಗೆ ನಡೆ’ ಎಂಬ ಬೃಹತ್ ಮೊಸಾಯಿಕ್ ಚಿತ್ರಪಟ್ಟಿಯ ವಿನ್ಯಾಸ ಮಾಡಲು ಒಪ್ಪಿಕೊಂಡವನು ಯಾರು? ಪಾವೆಲ್ ಕೋರಿನ್. ವರ್ಷಗಟ್ಟಲೆ ಅದಕ್ಕೆ ದುಡಿದ. ಅರಮನೆ ಏಳಲೇ ಇಲ್ಲ. 1960ರಲ್ಲಿ ಆ ಗುಂಡಿಯಲ್ಲಿ ಈಜುಕೊಳ ಮಾಡಿದರು. ಸೋವಿಯತ್ ಒಕ್ಕೂಟವೇ ಮುರಿದುಬಿದ್ದ ಮೇಲೆ ಮಹಾಮಂದಿರವನ್ನು ಮತ್ತೆ ಕಟ್ಟಿ 2000ದಲ್ಲಿ ಪ್ರತಿಷ್ಠೆ ಮಾಡಿದರು.

● ಬರ್ಲಿನ್ ಗೆದ್ದ ಮಾರ್ಷಲ್ ಜೂಕೊವ್‌ನನ್ನು 1945ರಲ್ಲಿ ಬರೆದವನೂ ಕೋರಿನ್. ಎದೆ ತುಂಬ ಪದಕ, ಕಲ್ಲಿನಂಥ ದವಡೆ. ಇಟಲಿಯ ಕಮ್ಯುನಿಸ್ಟ್ ಚಿತ್ರಕಾರ ರೆನಾತೊ ಗುತ್ತುಸೊನನ್ನೂ ಬರೆದ. 1962ರಲ್ಲಿ ‘ಸೋವಿಯತ್ ಒಕ್ಕೂಟದ ಜನತಾ ಕಲಾವಿದ’ ಬಿರುದು, 1963ರಲ್ಲಿ ಲೆನಿನ್ ಪ್ರಶಸ್ತಿ. ಬಂಡಾಯಗಾರ ಎಂಬ ಪಟ್ಟ ಇವನಿಗೆ ಕಟ್ಟಲು ಹೊರಟವರು ಈ ಪದಕಗಳನ್ನು ಎಲ್ಲಿಡುವುದೆಂದು ತಡಕಾಡುತ್ತಾರೆ.

● ಐಕಾನಿನ ಜಾಡು ಹಿಡಿದು ಪದಕದ ಬದಲು ಸಾವು ಪಡೆದವರೂ ಇದ್ದಾರೆ. ಉಕ್ರೇನಿನ ಮಿಖಾಯ್ಲೊ ಬೊಯ್ಚುಕ್ ಬಿಜಾಂಟೈನ್ ಐಕಾನಿನ ಶೈಲಿಯಲ್ಲಿ ರೈತರನ್ನು, ಕಾರ್ಮಿಕರನ್ನು ಸಾರ್ವಜನಿಕ ಗೋಡೆಗಳ ಮೇಲೆ ಬರೆದ. ಶಿಷ್ಯರ ಒಂದು ಪಂಥವನ್ನೇ ಕಟ್ಟಿದ. 1937ರ ಜುಲೈಯಲ್ಲಿ ಆತನನ್ನು ಕೊಂದರು, ಡಿಸೆಂಬರಿನಲ್ಲಿ ಕಲಾವಿದೆಯಾಗಿದ್ದ ಹೆಂಡತಿ ಸೋಫಿಯಾಳನ್ನೂ. ಅವರ ಗೋಡೆಚಿತ್ರಗಳಲ್ಲಿ ಹೆಚ್ಚಿನವನ್ನು ಕೆರೆದು ಹಾಕಿದರು.

● ಇನ್ನು ಮರಿಯಾ ಸೊಕೊಲೊವಾ. ಹೊರಗೆ ಚಿತ್ರಕಲೆಯ ಕೆಲಸ, ಒಳಗೆ ಗುಟ್ಟಾಗಿ ಐಕಾನ್. ಮುಂದೆ ಸನ್ಯಾಸ ಸ್ವೀಕರಿಸಿ ಯುಲಿಯಾನಿಯಾ ಎಂದು ಹೆಸರಾದಳು. ಯುದ್ಧದ ನಂತರ ಮಾಸ್ಕೊ ಬಳಿಯ ಸೆರ್ಗಿಯೆವ್ ಮಠ ಮತ್ತೆ ತೆರೆದಾಗ ಅಲ್ಲಿನ ಜೀರ್ಣೋದ್ಧಾರಕ್ಕೆ ನಿಂತಳು. 1950ರ ದಶಕದಲ್ಲಿ ಅಲ್ಲಿನ ಪಾದ್ರಿಗಳ ಶಿಕ್ಷಣಶಾಲೆಯಲ್ಲಿ ಐಕಾನ್ ಕಲಿಸತೊಡಗಿದಳು. 1981ರಲ್ಲಿ ತೀರಿಕೊಳ್ಳುವವರೆಗೂ ಸದ್ದಿಲ್ಲದೆ ದುಡಿದಳು. ಇಂದಿನ ರಷ್ಯದ ಐಕಾನ್ ಬರೆಯುವವರಲ್ಲಿ ಬಹಳಷ್ಟು ಜನ ಆಕೆಯ ಶಿಷ್ಯಪರಂಪರೆಯವರು. ಕೋರಿನ್ ಬಗ್ಗೆ ಬರೆಯುವವರು ಆಕೆಯ ಹೆಸರು ಎತ್ತದೇ ಇರುವುದು ಅನ್ಯಾಯ.

● ಮತ್ತೆ ಆ ಖಾಲಿ ಬಟ್ಟೆಯ ಪ್ರಶ್ನೆ. ಯಾಕೆ ಬರೆಯಲಿಲ್ಲ? ಗೋರ್ಕಿ ಹೋದ ಮೇಲಿನ ಭಯ ಎನ್ನುತ್ತಾರೆ ಕೆಲವರು. ಸರ್ಕಾರಿ ಕೆಲಸಗಳಲ್ಲಿ ಸಮಯ ಹೋಯಿತು, ಎದೆನೋವು ಹೆಚ್ಚಿತು ಎನ್ನುತ್ತಾರೆ ಇನ್ನು ಕೆಲವರು. ಒಂದಂತೂ ನಿಜ: ಒಟ್ಟು ಚಿತ್ರದ ಕರಡನ್ನು 1959ರವರೆಗೂ ಅವನು ತಿದ್ದುತ್ತಲೇ ಇದ್ದ, ಬಟ್ಟೆಯನ್ನು ಸುತ್ತಿ ಮೂಲೆಗೆ ಒರಗಿಸಲಿಲ್ಲ. ನನ್ನ ಲೆಕ್ಕ ಬೇರೆ. ಆ 29 ಜನರನ್ನು ಒಂದೇ ಚೌಕಟ್ಟಿಗೆ ತುಂಬಿದ್ದರೆ ಅವರು ಗುಂಪಾಗುತ್ತಿದ್ದರು. ಚಿತ್ರಕ್ಕೆ ಒಂದು ಸಂದೇಶ ಬೇಕಾಗುತ್ತಿತ್ತು, ಹೆಸರಿಗೆ ತಕ್ಕ ಹಾಗೆ ಅವರು ‘ಮರೆಯಾಗಲೇ’ ಬೇಕಾಗುತ್ತಿತ್ತು. ಬಿಡಿಬಿಡಿಯಾಗಿ ನಿಂತಾಗ ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ನಮ್ಮನ್ನು ಎದುರಿಸುತ್ತಾರೆ. ಕರಡು ನೋಡಿದವರಿಗೆ ಇದು ಗೊತ್ತಾಗುತ್ತದೆ: ಭವ್ಯವಾಗಿದೆ, ಆದರೆ ಆ ಭಿಕ್ಷುಕನ ಅಥವಾ ತಮಾರಳ ಮುಂದೆ ಸಪ್ಪೆ. ಕೆಲಸ ಬಾಕಿ ಉಳಿಯಿತೆಂದು ಕೋರಿನ್ ಕೊರಗಿದ. ನನ್ನ ಮಟ್ಟಿಗೆ ಆ ಕೆಲಸ ಈ ಭಾವಚಿತ್ರಗಳೊಂದಿಗೇ ಮುಗಿದಿತ್ತು.

● ಈ ಭಾವಚಿತ್ರಗಳು ಮಾಸ್ಕೊದ ಜನರ ಕಣ್ಣಿಗೆ ಬಿದ್ದದ್ದು 1963ರಲ್ಲಿ, ಕೋರಿನ್‌ನ ಎಪ್ಪತ್ತರ ಪ್ರದರ್ಶನದಲ್ಲಿ. ಖ್ರುಶ್ಚೋವ್ ಆಡಳಿತ ಮತ್ತೆ ಚರ್ಚುಗಳನ್ನು ಸಾವಿರಗಟ್ಟಲೆ ಮುಚ್ಚುತ್ತಿದ್ದ ಹೊತ್ತದು.

● 1971ರಲ್ಲಿ ಅವನ ಮನೆ ತ್ರೆತ್ಯಾಕೊವ್ ಗ್ಯಾಲರಿಯ ಶಾಖೆಯಾಗಿ ವಸ್ತುಸಂಗ್ರಹಾಲಯವಾಯಿತು. ಪ್ರಸ್ಕೊವ್ಯಾ ಅಲ್ಲಿಯೇ ಇದ್ದು ಎಲ್ಲವನ್ನೂ ಕಾಯ್ದಳು. 2013ರ ಕೊನೆಯಲ್ಲಿ ಗ್ಯಾಲರಿ ಇಡೀ ಸರಣಿಯನ್ನು ದೊಡ್ಡ ಪ್ರದರ್ಶನವಾಗಿ ತೋರಿಸಿದಾಗ ಶೀರ್ಷಿಕೆಯಲ್ಲಿ ‘ರೆಕ್ವಿಯಮ್’ ಎಂಬ ಹೆಸರು ವಾಪಸ್ ಬಂತು.

● ಕೊನೆಗೆ ಮೆಟ್ರೊ. ಮಾಸ್ಕೊದ ಕೊಮ್ಸೊಮೊಲ್ಸ್ಕಯಾ ನಿಲ್ದಾಣ 1952ರ ಜನವರಿ 30ರಂದು ತೆರೆಯಿತು. ಹೆಸರು ಕಮ್ಯುನಿಸ್ಟ್ ಯುವಸಂಘದ್ದು, ಒಳಗೆ ಹೋದರೆ ಹಳದಿ ಚಾವಣಿಯ ಅರಮನೆ. ಅದರ ವಾಸ್ತುಶಿಲ್ಪಿ ಅಲೆಕ್ಸೇಯ್ ಶ್ಚೂಸೆವ್: ಲೆನಿನ್ ಸಮಾಧಿ ಕಟ್ಟಿದವನು, ಅದಕ್ಕೂ ಹಿಂದೆ ಎಲಿಜವೆತಾಳ ಮಾರ್ಥಾ–ಮೇರಿ ಮಠದ ಚರ್ಚು ಕಟ್ಟಿದವನು. ಚಾವಣಿಯ ಎಂಟು ಮೊಸಾಯಿಕ್‌ಗಳು ಕೋರಿನ್‌ನವು. ಮಠದಲ್ಲಿ ಒಟ್ಟಿಗೆ ದುಡಿದವರ ಕೆಲಸ ನಲವತ್ತು ವರ್ಷದ ಮೇಲೆ ಸ್ಟಾಲಿನನ ಸುರಂಗದಲ್ಲಿ ಮತ್ತೆ ಜೊತೆಯಾಯಿತು. ಶ್ಚೂಸೆವ್ ಅದನ್ನು ನೋಡಲು ಬದುಕಿರಲಿಲ್ಲ. ಸ್ಟಾಲಿನ್ ಭಾಷಣದಲ್ಲಿ ಹೆಸರಿಸಿದ ವೀರರೇ ಇಲ್ಲಿನ ವಸ್ತು. ಹಳೆಯ ಯೋಧರ ಫಲಕಗಳಲ್ಲಿ ಇಲ್ಲಿಯೂ ಕ್ರಿಸ್ತನ ಮುಖದ ಧ್ವಜವಿದೆ. ಸ್ಟಾಲಿನ್ ಸತ್ತು ಅವನ ಪೂಜೆ ನಿಂತ ಮೇಲೆ ಅವನಿದ್ದ ಫಲಕಗಳನ್ನು ಬದಲಾಯಿಸಿದರು. ಕ್ರಿಸ್ತನನ್ನು ಯಾರೂ ಮುಟ್ಟಲಿಲ್ಲ.

ಅದೇ ದಿನ ತೆರೆದ ನೊವೊಸ್ಲೊಬೊದ್ಸ್ಕಯಾ ನಿಲ್ದಾಣದಲ್ಲಿ ಕೋರಿನ್ ವಿನ್ಯಾಸದ 32 ಬಣ್ಣದ ಗಾಜಿನ ಫಲಕಗಳಿವೆ. ಮಾಡಿದವರು ಲಾಟ್ವಿಯಾದ ರಿಗಾ ನಗರದ ಕುಶಲಿಗರು. ಚರ್ಚಿನ ಕಿಟಕಿಗೆ ಗಾಜು ಕೂರಿಸುವ ಕಲೆ ಉಳಿದಿದ್ದದ್ದು ಅವರಲ್ಲಿ. ನಿಲ್ದಾಣದ ತುದಿಯಲ್ಲಿ ‘ಲೋಕಕ್ಕೆಲ್ಲ ಶಾಂತಿ’ ಎಂಬ ಮೊಸಾಯಿಕ್: ಮಗುವನ್ನೆತ್ತಿಕೊಂಡ ತಾಯಿ, ಹಿಂದೆ ಚಿನ್ನದ ಹಿನ್ನೆಲೆ. ಅದು ಸೋವಿಯತ್ ತಾಯಿಯೋ ಮೇರಿಯೋ ಎಂದು ಮಾಸ್ಕೊದವರನ್ನು ಕೇಳಿ ನೋಡಿ.

ಎರಡೂ ನಿಲ್ದಾಣ ವರ್ತುಲ ಮಾರ್ಗದಲ್ಲೇ ಇವೆ, ನಡುವೆ ಒಂದೇ ಒಂದು ನಿಲ್ದಾಣ. ನಿಮ್ಮ ಮಕ್ಕಳು ಓದಲೋ ಕೆಲಸಕ್ಕೋ ಮಾಸ್ಕೊಗೆ ಹೊರಟಿದ್ದರೆ ಹೇಳಿಕಳುಹಿಸಿ: ರೈಲು ಬರುವವರೆಗೆ ಮೊಬೈಲ್ ಜೇಬಿಗೆ ಹಾಕಿಕೊಂಡು ಚಾವಣಿ ನೋಡಲಿ.